ಎಕರೆಯೂ ಎಕ್ಟೇರೂ

ಮನೆಯಲ್ಲಿ ನನ್ನನ್ನು ಈಗಲೂ ಆಡಿಕೊಳ್ಳುತ್ತಾರೆ. ಅಂಗಡಿಯಿಂದ ಹಪ್ಪಳದ ಪೊಟ್ಟಣ ಬಂದರೂ ನಾನು ಮೊದಲು ಅದನ್ನು ಹಿಂದಕ್ಕೆ ತಿರುಗಿಸುತ್ತೇನೆ, ಕನ್ನಡಕ ಏರಿಸಿ ಸಣ್ಣ ಅಕ್ಷರಗಳನ್ನೆಲ್ಲ ಓದುತ್ತೇನೆ, ಆಮೇಲೆಯೇ ಡಬ್ಬಕ್ಕೆ ಹಾಕುವುದು. "ನಿನಗೆ ರಿಟೈರ್ಮೆಂಟ್ ಆಯ್ತು, ನಿನ್ನ ಕಣ್ಣಿಗೆ ಇನ್ನೂ ಆಗಿಲ್ಲ ನೋಡು" ಎಂದು ನಮ್ಮ ಯಜಮಾನರು ನಗುತ್ತಾರೆ.

ಮೊನ್ನೆ ಕೃಷಿ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ವಿಜಯನಗರದ ನಮ್ಮ ಮನೆಗೆ ಬಂದಿದ್ದರು. ಇಬ್ಬರಿಗೂ ನನ್ನ ಹಳೆಯ ಕೆಲಸವೇ ಸಿಕ್ಕಿದೆ. ಅವರಲ್ಲೊಬ್ಬಳು ಕಾಫಿ ಲೋಟ ಕೆಳಗಿಟ್ಟು, "ಲೇಬಲ್ ನೋಡೋದ್ರಲ್ಲಿ ಅಂಥದ್ದೇನಿದೆ ಮೇಡಂ? ಇದ್ರೆ ಇದೆ, ಇಲ್ದಿದ್ರೆ ಕೇಸು" ಎಂದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ನಕ್ಕುಬಿಟ್ಟೆ, ಯಾಕೆಂದರೆ ಅವಳ ವಯಸ್ಸಿನಲ್ಲಿ ನಾನು ಹೇಳುತ್ತಿದ್ದದ್ದೂ ಅದೇ ಮಾತು. ಅವರು ಹೋದ ಮೇಲೆ ಕೂತು ಇದನ್ನು ಬರೆಯಲು ತೊಡಗಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಕೀಟನಾಶಕ ಪರಿವೀಕ್ಷಕಿಯಾಗಿ ನೇಮಿಸಿದರು. ಹೆಸರು ಕೀಟನಾಶಕ ಎಂದಿದ್ದರೂ ಕಳೆನಾಶಕವೂ ಅದೇ ಕಾಯ್ದೆಯೊಳಗೆ ಬರುತ್ತದೆ. ಮೈಸೂರಿನ ಅಂಗಡಿಗಳಿಗೆ ಹೋಗಬೇಕು, ಪರವಾನಗಿ ನೋಡಬೇಕು, ಡಬ್ಬದ ಮೇಲಿನ ಚೀಟಿಯಲ್ಲಿ ಕಾಯ್ದೆ ಹೇಳಿದ್ದೆಲ್ಲ ಇದೆಯೇ ಎಂದು ಪರೀಕ್ಷಿಸಬೇಕು. ಅನುಮಾನ ಬಂದರೆ ಮಾದರಿ ತೆಗೆದು, ಮೂರು ಭಾಗ ಮಾಡಿ, ಅರಗಿನ ಮುದ್ರೆ ಒತ್ತಿ, ಒಂದನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಆಗ ನಮ್ಮ ಮನೆ ಅಗ್ರಹಾರದಲ್ಲಿತ್ತು. ಸಂಜೆ ಮೊಪೆಡ್ ನಿಲ್ಲಿಸುವ ಸದ್ದು ಕೇಳಿದೊಡನೆ ಅಮ್ಮ ಬಾಗಿಲಿಗೆ ಬಂದು, "ಅಲ್ಲೇ ನಿಲ್ಲು, ಆ ಚೀಲ ಒಳಗೆ ತರಬೇಡ ಕಣೇ" ಎಂದು ಬಚ್ಚಲಿನ ಕಡೆ ಕೈ ತೋರಿಸುತ್ತಿದ್ದಳು. ಆ ವಾಸನೆ ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ರೈತರೊಬ್ಬರು ಕಚೇರಿಗೆ ಬಂದು ಹುರುಳೀಕಾಯಿ ಗಿಡವೆಲ್ಲ ಸುಟ್ಟುಹೋಯಿತೆಂದು ಕೂಗಾಡಿದರು. ಅವರು ಹೊಡೆದಿದ್ದು ಹಸಿರು ಕಂಡಲ್ಲೆಲ್ಲ ಒಣಗಿಸುವ ಕಳೆನಾಶಕ. ಬೆಳೆಯ ಮೇಲೆ ಯಾಕೆ ಹೊಡೆದಿರಿ ಎಂದು ಕೇಳಿದರೆ, ಡಬ್ಬದ ಮೇಲಿನ ಬಣ್ಣದ ಗುರುತನ್ನು ತೋರಿಸಿದರು. "ಹಸ್ರು ಬಣ್ಣ ಆಕವ್ರಲ್ಲ ಮೇಡಂ. ಹಸ್ರು ಪೈರ್ಗೆ ಏನೂ ಮಾಡಾಕಿಲ್ಲ ಅಂತ ತಾನೆ?" ಆ ಗುರುತು ಮನುಷ್ಯನ ಹೊಟ್ಟೆಗೆ ಹೋದರೆ ಎಷ್ಟು ಅಪಾಯ ಎಂದು ಹೇಳುವುದಕ್ಕೆ ಇರುವುದು, ಬೆಳೆಗೂ ಅದಕ್ಕೂ ಸಂಬಂಧವಿಲ್ಲ. ನಾನು ಅವರನ್ನೇ ಬೈದು ಕಳಿಸಿದೆ. ಓದದೆ ಹೊಡೆದರೆ ಇನ್ನೇನಾಗುತ್ತದೆ ಎಂಬ ಧಿಮಾಕು ನನ್ನದು. ಅವರು ತಮಗೆ ತಿಳಿದ ಹಾಗೆ ಓದಿದ್ದರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಇನ್ನೊಂದು ತೊಡಕು ಒಂದೇ ಒಂದು ಪದದ್ದು. ಡಬ್ಬದ ಜೊತೆ ಬರುವ ಕಾಗದದಲ್ಲಿ ಪ್ರಮಾಣವನ್ನು ಯಾವಾಗಲೂ ಹೆಕ್ಟೇರಿಗೆ ಇಷ್ಟು ಎಂದು ಬರೆದಿರುತ್ತಾರೆ. ನಮ್ಮ ಕಡೆ ಯಾರೂ ಹೆಕ್ಟೇರಿನಲ್ಲಿ ಉಳುವುದಿಲ್ಲ, ಎಲ್ಲರದ್ದೂ ಎಕರೆ, ಗುಂಟೆ. ಅದರ ಮೇಲೆ ನಮ್ಮ ಸೀಮೆಯ ನಾಲಿಗೆಗೆ ಪದದ ಮೊದಲಿನ ಹಕಾರ ಒಗ್ಗುವುದೂ ಇಲ್ಲ. ಹೆಕ್ಟೇರು ಹೊಲಕ್ಕೆ ಬರುವಷ್ಟರಲ್ಲಿ ಎಕ್ಟೇರು ಆಗುತ್ತಿತ್ತು, ಬದುವಿನ ಆಚೆಯಿಂದ ಕೂಗಿ ಹೇಳಿದರೆ ಅದು ಎಕ್ರೆ ಎಂದೇ ಕೇಳಿಸುತ್ತಿತ್ತು. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಒಂದು ಬಾಟಲಿ ಸಾಕಾಗುವ ಕಡೆ ಎರಡೂವರೆ ಬಾಟಲಿ ಹೊಲಕ್ಕೆ ಬೀಳುವುದಕ್ಕೆ ಇಷ್ಟೇ ಸಾಕು.

ಪೇಟೆಯ ಅಂಗಡಿಯವರಲ್ಲಿ ಗುರುಮಲ್ಲಪ್ಪನವರು ಹಳಬರು. ಹಣೆಗೆ ಮೂರು ಬೆರಳಗಲ ವಿಭೂತಿ, ಬಾಯಲ್ಲಿ ಸದಾ ತಮಾಷೆ. ಅವರ ಗಲ್ಲಾ ಪಕ್ಕದಲ್ಲಿ ಒಂದು ಉದ್ದನೆಯ ಸೆಳೆಖಾನೆ ಇತ್ತು. ಒಂದು ದಿನ ಎಳೆದು ನೋಡಿದರೆ ಅದರ ತುಂಬ ಡಬ್ಬಗಳ ಜೊತೆ ಬರಬೇಕಾದ ಕಾಗದಗಳು.

"ಏನ್ರೀ ಇದು? ಇದನ್ನ ಡಬ್ಬದ ಜೊತೆ ಕೊಡಬೇಕು ಅಂತ ಕಾನೂನಿದೆ, ಗೊತ್ತಿಲ್ವಾ?"

"ಗೊತ್ತು ಮೇಡಂ. ಕೊಟ್ರೆ ಅಂಗಡಿ ಮುಂದೇನೇ ಬಿಸಾಕ್ಬುಟ್ಟು ಹೋಯ್ತಾರೆ. ಗುಡಿಸೋನು ನಾನು. ಕೇಳಿದೋರ್ಗೆ ಕೊಡೋಣ ಅಂತ ಇಟ್ಟಿದೀನಿ."

"ಯಾರಾದ್ರೂ ಕೇಳಿದಾರಾ?"

"ಇವತ್ತು ನೀವು ಕೇಳಿದ್ರಲ್ಲ, ಬೋಣಿ ಆಯ್ತು ಬುಡಿ."

ನಾನು ನಗಲಿಲ್ಲ. ನೋಟಿಸು ಬರೆದೆ. ಆದರೆ ಬರೆಯುತ್ತ ಬರೆಯುತ್ತ ಆ ಕಾಗದಗಳಲ್ಲೊಂದನ್ನು ಓದಿದೆ. ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರ, ಕನ್ನಡದ ಪಾಲಿಗೆ ಒಂದು ಅಂಗೈ ಅಗಲದ ಜಾಗ. ಅದರಲ್ಲಿ, 'ಕಳೆಗಳ ಉದಯಪೂರ್ವ ಹಂತದಲ್ಲಿ ಸಮರೂಪವಾಗಿ ಪ್ರಕ್ಷೇಪಿಸತಕ್ಕದ್ದು' ಎಂದಿತ್ತು. ಅಗ್ರಹಾರದಲ್ಲಿ ಹುಟ್ಟಿ, ಸಂಸ್ಕೃತದ ಗಾಳಿ ಕುಡಿದು ಬೆಳೆದ ನನಗೇ ಎರಡು ಸಲ ಓದಬೇಕಾಯಿತು. ಕಳೆ ಮೊಳೆಯುವ ಮೊದಲು ಒಂದೇ ಸಮ ಎರಚಿ ಎಂದರೆ ಮುಗಿಯುತ್ತಿತ್ತು. ನಾನೇ ಯಾಕೆ ಬರೆಯಬಾರದು ಎಂಬ ಹುಮ್ಮಸ್ಸು ಹುಟ್ಟಿದ್ದು ಅಲ್ಲಿ.

ಆಗ ನಮ್ಮ ಮೇಲಧಿಕಾರಿಯಾಗಿದ್ದವರು ಶಿವನಂಜಪ್ಪನವರು. ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಕಳೆನಾಶಕದ ಬಗ್ಗೆ ಸರಳ ಕನ್ನಡದಲ್ಲಿ ಒಂದು ಕರಪತ್ರ ಮಾಡುತ್ತೇನೆ ಎಂದಾಗ ಅವರು ಕಡತದಿಂದ ತಲೆ ಎತ್ತಿದರು. "ಒಳ್ಳೇ ಕೆಲಸ, ಮಾಡಿ. ಆದ್ರೆ ಬರೆದದ್ದನ್ನ ಅಚ್ಚಿಗೆ ಕೊಡೋ ಮುಂಚೆ ಇನ್ನೊಬ್ಬರ ಕೈಲಿ ಓದಿಸ್ರಮ್ಮ." ನಾನು ಆಗಲಿ ಸಾರ್ ಎಂದೆ, ಓದಿಸಲಿಲ್ಲ. ನನಗಿಂತ ಚೆನ್ನಾಗಿ ಕನ್ನಡ ಬರೆಯುವವರು ಈ ಕಚೇರಿಯಲ್ಲಿ ಯಾರಿದ್ದಾರೆ ಎಂಬ ಹಮ್ಮು ಇತ್ತು. ನಾಚಿಕೆಯಾದರೂ ಇದನ್ನು ಹೇಳಲೇಬೇಕು.

ಕರಪತ್ರ ನೋಡಲು ಚಂದವಾಗಿಯೇ ಬಂತು. ದಪ್ಪ ಅಕ್ಷರ, ಚಿಕ್ಕ ವಾಕ್ಯ, ಔಷಧಿ ಹೊಡೆಯುವ ಪಂಪಿನ ಚಿತ್ರ. ಹೆಕ್ಟೇರು ಎಂಬ ಪದವನ್ನು ಹುಡುಕಿ ಹುಡುಕಿ ತೆಗೆದು ಎಲ್ಲ ಕಡೆ ಎಕರೆ ಎಂದು ಮಾಡಿದೆ. ಸಂಖ್ಯೆಗಳನ್ನೂ ಅದಕ್ಕೆ ಸರಿಯಾಗಿ ಇಳಿಸುತ್ತ ಬಂದೆ. ಅಂಗಡಿಗಳಿಗೆ ಹಂಚಿದೆ, ಹಾಲಿನ ಡೈರಿಗಳ ಗೋಡೆಗೆ ಅಂಟಿಸಿದೆ, ಊರಿನ ಸಾಕ್ಷರತಾ ಕೇಂದ್ರಗಳಿಗೂ ಕೊಟ್ಟೆ. ಆಗ ವಯಸ್ಕರಿಗೆ ಓದು ಕಲಿಸುವ ಆಂದೋಲನ ಜೋರಾಗಿತ್ತು. ಹೊಸದಾಗಿ ಅಕ್ಷರ ಕಲಿತವರಿಗೆ ಓದಲು ಏನಾದರೂ ಸಿಗಲಿ ಎಂದುಕೊಂಡೆ.

ಆ ಮುಂಗಾರಿನಲ್ಲಿ ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಕಚೇರಿಗೆ ಬಂದರು. ವಿದ್ಯಾರಣ್ಯಪುರಂ ದಾಟಿ ದಕ್ಷಿಣಕ್ಕೆ ಹೋದರೆ ಆಗ ಪೇಟೆ ಮುಗಿದು ಗದ್ದೆ ಶುರುವಾಗುತ್ತಿತ್ತು, ಅಲ್ಲಿ ಅವರದ್ದು ಒಂದೆಕರೆ. ಐವತ್ತರ ಆಸುಪಾಸಿನ ಹೆಂಗಸು, ಗಂಡ ಇರಲಿಲ್ಲ, ವ್ಯವಸಾಯವೆಲ್ಲ ಸ್ವಂತ ಕೈಯದ್ದು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಭತ್ತದ ಪೈರನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ನಾಟಿ ಹಾಕಿ ಎರಡು ವಾರವಾಗಿದ್ದರೂ ಪೈರು ಗೇಣುದ್ದವೂ ಎದ್ದಿರಲಿಲ್ಲ. ಗರಿ ಸುರುಟಿಕೊಂಡಿತ್ತು, ಬೇರು ಕಂದಿತ್ತು.

"ಕಳೆ ಕೀಳಾಕೆ ಆಳು ಸಿಕ್ನಿಲ್ಲ ಕಣವ್ವ. ಎಲ್ಲ ಊದುಬತ್ತಿ ಹೊಸೆಯಾಕೆ ಓಯ್ತಾರೆ. ಅದ್ಕೇ ಔಸ್ದಿ ತಂದು ಮರಳ್ಗೆ ಕಲ್ಸಿ ಎರಚ್ದೆ. ಚೀಟೀಲಿ ಇದ್ದಂಗೇ ಮಾಡಿವ್ನಿ. ಕಳೆ ಓಯ್ತು, ಪೈರೂ ಓಗ್ತಾ ಅದೆ."

ಯಾವ ಅಂಗಡಿ ಎಂದು ಕೇಳಿದೆ. ಗುರುಮಲ್ಲಪ್ಪನವರದ್ದು ಎಂದರು. ನಾನು ಮತ್ತೇನನ್ನೂ ಕೇಳಲಿಲ್ಲ. ಕಲಬೆರಕೆ ಮಾಲು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು, ಮುದ್ರೆ, ಅರಗು, ಬಾಟಲಿಗಳನ್ನು ಚೀಲಕ್ಕೆ ತುಂಬಿ ಮೊಪೆಡ್ ಹತ್ತಿದೆ. ಯಾವ ಚೀಟಿ ಎಂದು ಅಲ್ಲೇ ಕೇಳಿದ್ದರೆ ಮುಂದಿನದ್ದು ಬೇರೆಯೇ ಆಗುತ್ತಿತ್ತು.

ಅಂಗಡಿಯಲ್ಲಿ ಜನವಿತ್ತು. ಎಲ್ಲರ ಎದುರಿಗೆ ಗುರುಮಲ್ಲಪ್ಪನವರಿಗೆ ಬಾಯಿಗೆ ಬಂದದ್ದು ಅಂದೆ. ಆ ಕಳೆನಾಶಕದ ಮಾರಾಟ ನಿಲ್ಲಿಸಿ ಎಂದು ಆದೇಶ ಬರೆದೆ. ಮೇಣದ ಬತ್ತಿಯಲ್ಲಿ ಅರಗು ಕರಗಿಸಿ ಮಾದರಿ ಬಾಟಲಿಗಳಿಗೆ ಮುದ್ರೆ ಒತ್ತಿದೆ. ಗಿರಾಕಿಗಳು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಹೊರಟರು. ಗುರುಮಲ್ಲಪ್ಪನವರು ತಮಾಷೆ ಮಾಡಲಿಲ್ಲ. ಪರವಾನಗಿ ಹೋದರೆ ಮೂವತ್ತು ವರ್ಷದ ಅಂಗಡಿಗೆ ಬೀಗ, ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಮೇಡಂ, ಒಂದ್ಮಾತು. ಆಯಮ್ಮ ಎರಡು ಬಾಟ್ಲಿ ತಕ್ಕೊಂಡು ಮೇಲೊಂದು ಅರ್ಧ ಬಾಟ್ಲೀದು ಕೇಳುದ್ರು. ಒಂದೆಕರೆಗೆ ಇಷ್ಟ್ಯಾಕಮ್ಮ ಅಂದೆ. ಸರ್ಕಾರದ ಚೀಟಿ ಅಂತ ತೋರ್ಸುದ್ರು. ಸರ್ಕಾರಕ್ಕಿಂತ ನಾನ್ ದೊಡ್ಡೋನಾ?"

ಹೀಗೆ ಹೇಳಿ ಸೆಳೆಖಾನೆ ಎಳೆದು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಡಬ್ಬದ ಜೊತೆ ಬಂದದ್ದು. ಇನ್ನೊಂದು ನನ್ನ ಕರಪತ್ರ. ಭತ್ತದ ಸಾಲಿನಲ್ಲಿ ಎರಡರಲ್ಲೂ ಒಂದೇ ಸಂಖ್ಯೆ ಇತ್ತು. ಅಲ್ಲಿ ಹೆಕ್ಟೇರಿಗೆ ಎಂದಿತ್ತು, ಇಲ್ಲಿ ಎಕರೆಗೆ ಎಂದಿತ್ತು. ಉಳಿದ ಎಲ್ಲ ಬೆಳೆಗೂ ಸಂಖ್ಯೆ ಇಳಿಸಿದ್ದೆ. ಆ ಒಂದು ಸಾಲಿನಲ್ಲಿ ಮಾತ್ರ ಪದ ಬದಲಿಸಿ ಸಂಖ್ಯೆಯನ್ನು ಹಾಗೇ ಬಿಟ್ಟಿದ್ದೆ.

ಮುದ್ರೆಯ ಅರಗು ಇನ್ನೂ ಬೆಚ್ಚಗಿತ್ತು. ಎರಡೂ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದೆ. ಗುರುಮಲ್ಲಪ್ಪನವರು ಒಂದು ಸ್ಟೂಲು ಎಳೆದು ಕೊಟ್ಟು, "ಕೂತ್ಕೊಳಿ ಮೇಡಂ, ನೀರು ಕುಡೀರಿ" ಎಂದರು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕಚೇರಿಗೆ ಹಿಂದಿರುಗುವ ದಾರಿಯಲ್ಲಿ ನನ್ನ ತಲೆಯಲ್ಲಿ ಕೆಟ್ಟ ಯೋಚನೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಪ್ರಯೋಗಾಲಯದ ವರದಿ ಬರುವುದು ವಾರಗಳ ಮೇಲೆ. ಅಲ್ಲಿಯವರೆಗೆ ಸುಮ್ಮನಿದ್ದು ಕರಪತ್ರಗಳನ್ನು ಸದ್ದಿಲ್ಲದೆ ತೆಗೆಸಿದರೆ ಯಾರಿಗೆ ತಿಳಿಯುತ್ತದೆ? ಈ ಯೋಚನೆ ಅರಮನೆ ಮುಂದಿನ ವೃತ್ತದವರೆಗೆ ನನ್ನ ಜೊತೆ ಬಂತು. ಅಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ನಿಂತಲ್ಲೇ ಆ ಗರಿ ಸುರುಟಿದ ಪೈರು ಕಣ್ಣಿಗೆ ಕಟ್ಟಿತು. ಶಿವನಂಜಪ್ಪನವರ ಕೋಣೆಗೆ ನೇರವಾಗಿ ಹೋಗಿ ಎರಡೂ ಕಾಗದ ಮುಂದಿಟ್ಟು, ತಪ್ಪು ನನ್ನದು ಸಾರ್ ಎಂದೆ.

ಅವರು ಎರಡನ್ನೂ ನಿಧಾನವಾಗಿ ಓದಿದರು. "ಯಾರ ಕೈಲಿ ಓದಿಸಿದ್ರಿ?"

"ಓದಿಸಲಿಲ್ಲ ಸಾರ್."

"ಹೂಂ. ಮೆಮೊ ಕೊಡ್ತೀನಿ, ಉತ್ತರ ಬರೀರಿ. ಅದೆಲ್ಲ ಆಮೇಲೆ. ಮೊದಲು ಗದ್ದೆಗೆ ಹೋಗಿ, ಪೈರಿನ್ನೂ ಪೂರ್ತಿ ಸತ್ತಿಲ್ಲ. ನಿಂತ ನೀರು ಬಸಿದು ಹೊಸ ನೀರು ಕೊಡಿಸಿ. ಹೋಗಿ, ಇಲ್ಲೇ ನಿಂತಿದ್ರೆ ಹ್ಯಾಗೆ?"

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಈ ಕ್ರಮವೇ ದೊಡ್ಡದು. ಮೊದಲು ಗದ್ದೆ, ಆಮೇಲೆ ಕಾಗದ.

ಚಿಕ್ಕತಾಯಮ್ಮ ಬದುವಿನ ಮೇಲೆ ಕೂತಿದ್ದರು. ಸೀರೆ ಎತ್ತಿ ಕಟ್ಟಿ ಅವರ ಪಕ್ಕ ಕೂತೆ.

"ಚಿಕ್ಕತಾಯಮ್ಮ, ಅಂಗಡಿಯವರದ್ದು ತಪ್ಪಿಲ್ಲ. ಔಷಧಿ ಸರಿಯಾಗೇ ಇದೆ. ಆ ಚೀಟಿ ಬರೆದವಳು ನಾನು. ನಾನು ತಪ್ಪು ಬರೆದುಬಿಟ್ಟೆ ಕಣಮ್ಮ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ರವಿಕೆಯೊಳಗಿಂದ ನಾಲ್ಕು ಮಡಿಕೆ ಮಾಡಿದ ಕರಪತ್ರ ತೆಗೆದು ತೊಡೆಯ ಮೇಲೆ ಬಿಡಿಸಿದರು.

"ಅಂಗಾರೆ ನಾ ಸರ್ಯಾಗೇ ಓದಿದ್ನಾ?"

ನನಗೆ ಅರ್ಥವಾಗಲಿಲ್ಲ.

"ಸಾಕ್ಸರತೇಲಿ ಅಕ್ಸರ ಕಲ್ತು ನಾನು ಓದಿದ್ ಮೊದ್ಲನೇ ಕಾಗ್ದ ಇದು. ಪೈರು ಕೆಟ್ ಮ್ಯಾಲೆ, ಓದಾಕೆ ಬರ್ದೆ ಓದ್ದೆ, ಏನೋ ತಪ್ ಓದ್ಕಂಡು ಗದ್ದೆ ಆಳು ಮಾಡ್ಬುಟ್ಟೆ ಅನ್ಕಂಡಿದ್ದೆ. ಇನ್ ಮ್ಯಾಲೆ ಓದೋದೇ ಬ್ಯಾಡ ಅಂತ ಪುಸ್ತಕಾನೂ ಅಟ್ಟದ್ ಮ್ಯಾಲೆ ಎಸ್ದಿವ್ನಿ."

"ಇಲ್ಲಮ್ಮ, ನೀವು ಸರಿಯಾಗೇ ಓದಿದ್ರಿ. ಒಂದಕ್ಷರ ತಪ್ಪಿಲ್ಲ. ತಪ್ಪಿದ್ದು ನಾನು." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಸರ್ಕಾರಿ ಕೆಲಸದಲ್ಲಿ ನಾನು ಅತ್ತದ್ದು ಅದೊಂದೇ ಸಲ.

"ಯಾವ್ದು ತಪ್ಪು, ತೋರ್ಸಿ."

ಭತ್ತದ ಸಾಲಿನ ಎಕರೆ ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದೆ. ಅಲ್ಲಿ ಹೆಕ್ಟೇರು ಇರಬೇಕಿತ್ತು, ಅದು ಎರಡೂವರೆ ಎಕರೆಗೆ ಸಮ ಎಂದು ವಿವರಿಸಿದೆ. ಅವರು ಬಾಯಲ್ಲೇ ಹೇಳಿಕೊಂಡು ನೋಡಿದರು. "ಎಕ್ರೆ. ಎಕ್ಟೇರು. ಥೂ, ಎರಡೂ ಒಂದೇ ತರ ಅವಲ್ಲ." ಆಮೇಲೆ ಎದ್ದು ಗುದ್ದಲಿ ತಂದರು. ಇಬ್ಬರೂ ಸೇರಿ ಬದು ಕಡಿದು ನೀರು ಬಿಟ್ಟೆವು. ನಾನು ಗುದ್ದಲಿ ಹಿಡಿದ ಚಂದ ನೋಡಿ ಪಕ್ಕದ ಗದ್ದೆಯವರು ಕೆಲಸ ನಿಲ್ಲಿಸಿ ನಿಂತರು.

ತಪ್ಪು ಅಚ್ಚಾದ ಕರಪತ್ರಗಳನ್ನೆಲ್ಲ ವಾಪಸು ಪಡೆಯಬೇಕಿತ್ತು. ಅವರ ಕೈಯಲ್ಲಿದ್ದುದನ್ನೂ ಕೇಳಿದೆ. ಚಿಕ್ಕತಾಯಮ್ಮ ಮತ್ತೆ ಮಡಿಚಿ ರವಿಕೆಗೆ ಸೇರಿಸಿಕೊಂಡರು. "ಇದ್ನ ಮಾತ್ರ ಕೊಡಾಕಿಲ್ಲ ಕಣವ್ವ." ದೂರು ಕೊಡಲು ಇಟ್ಟುಕೊಂಡರೇನೋ ಎಂದು ನನಗೆ ಒಳಗೇ ಅಳುಕು. ಒತ್ತಾಯ ಮಾಡುವ ಬಾಯಿ ನನಗಿರಲಿಲ್ಲ.

ಉಳಿದವನ್ನು ಹುಡುಕುತ್ತ ಒಂದು ವಾರ ಮೊಪೆಡ್ಡಿನಲ್ಲಿ ಅಲೆದೆ. ಬೇರೆ ಎಷ್ಟು ಗದ್ದೆ ಕೆಟ್ಟಿದೆಯೋ ಎಂದು ಪ್ರತಿ ಊರಲ್ಲೂ ಕೇಳಿದೆ. ಒಂದೂ ಕೆಟ್ಟಿರಲಿಲ್ಲ. ಒಬ್ಬರ ಮನೆಯಲ್ಲಿ ನನ್ನ ಕರಪತ್ರ ಹಾಲಿನ ಚೊಂಬಿಗೆ ಮುಚ್ಚಳವಾಗಿತ್ತು, ಇನ್ನೊಬ್ಬರ ಮನೆಯಲ್ಲಿ ಗೋಡೆಯ ತೂತು ಮುಚ್ಚಿತ್ತು. ಅಷ್ಟು ಊರುಗಳಲ್ಲಿ ಸರ್ಕಾರದ ಕಾಗದವನ್ನು ಓದಿ, ನಂಬಿ, ಅದರಂತೆ ನಡೆದವರು ಚಿಕ್ಕತಾಯಮ್ಮ ಒಬ್ಬರೇ. ಪೆಟ್ಟು ಬಿದ್ದದ್ದೂ ಅವರಿಗೇ.

ಪೈರು ನಿಧಾನಕ್ಕೆ ಚೇತರಿಸಿಕೊಂಡಿತು. ಸತ್ತ ಕಡೆಗೆಲ್ಲ ಪಕ್ಕದ ಗದ್ದೆಯವರಲ್ಲಿ ಉಳಿದಿದ್ದ ಸಸಿ ತಂದು ನೆಟ್ಟರು. ಬುಡದಿಂದ ಹೊಸ ತೆಂಡೆ ಒಡೆಯುವುದು ತಡವಾದರೂ ಒಡೆಯಿತು. ಎಂದಿನಷ್ಟು ಬೆಳೆ ಬರಲಿಲ್ಲ, ಮನೆಗೆ ಸಾಲುವಷ್ಟು ಬಂತು. ಪ್ರಯೋಗಾಲಯದ ವರದಿಯೂ ಬಂತು, ಮಾಲು ಸರಿಯಾಗಿತ್ತು. ಮಾರಾಟ ನಿಲ್ಲಿಸಿದ ಆದೇಶವನ್ನು ನಾನು ಮೊದಲೇ ಹಿಂತೆಗೆದುಕೊಂಡಿದ್ದೆ. ಆದರೂ ವರದಿ ಹಿಡಿದು ಅಂಗಡಿಗೆ ಹೋಗಿ, ಗಿರಾಕಿಗಳು ತುಂಬುವವರೆಗೆ ಕಾದು, ಎಲ್ಲರ ಎದುರಿಗೆ ಓದಿ ಹೇಳಿ ಕ್ಷಮೆ ಕೇಳಿದೆ. ಬೈದದ್ದು ಎಲ್ಲರ ಎದುರಿಗಾದರೆ ಕ್ಷಮೆಯೂ ಅಲ್ಲೇ ಆಗಬೇಕು. ಗುರುಮಲ್ಲಪ್ಪನವರಿಗೆ ಹಳೆಯ ತಮಾಷೆ ಮರಳಿತು. ಮರುವಾರ ಅಂಗಡಿಯ ಮುಂದೆ ಒಂದು ಕರಿಹಲಗೆ ನೇತಾಡುತ್ತಿತ್ತು. 'ಒಂದು ಹೆಕ್ಟೇರ್ ಎಂದರೆ ಎರಡೂವರೆ ಎಕರೆ' ಎಂದು ಸುಣ್ಣದಲ್ಲಿ ಬರೆದು ಕೆಳಗೆ, 'ರೈತರಿಗೂ ಅಧಿಕಾರಿಗಳಿಗೂ ಅನ್ವಯ' ಎಂದು ಸೇರಿಸಿದ್ದರು. ಸೆಳೆಖಾನೆಯ ಕಾಗದಗಳನ್ನೂ ಆವತ್ತಿನಿಂದ ಡಬ್ಬಕ್ಕೆ ರಬ್ಬರ್ ಹಾಕಿ ಕೊಡತೊಡಗಿದರು, ಕೊಡುವಾಗ ಎಕರೆಯ ಲೆಕ್ಕವನ್ನು ಪೆನ್ನಿನಲ್ಲಿ ಬರೆದೂ ಕೊಡುತ್ತಿದ್ದರು.

ನನ್ನ ಕೆಲಸದ ರೀತಿ ಬದಲಾದದ್ದೂ ಅಲ್ಲಿಂದಲೇ. ಆಮೇಲೆ ಬರೆದ ಯಾವ ಕರಪತ್ರವನ್ನೂ ಚಿಕ್ಕತಾಯಮ್ಮ ಓದದೆ ಅಚ್ಚಿಗೆ ಕೊಡಲಿಲ್ಲ. ಅವರು ಜಗಲಿಯ ಮೇಲೆ ಕೂತು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದರು. ಅವರು ತಡವರಿಸಿದ ಕಡೆ ನಾನು ಪದ ಬದಲಿಸುತ್ತಿದ್ದೆ. ಎಕರೆ ಬಂದಾಗಲೆಲ್ಲ ಬೆರಳು ನಿಲ್ಲುತ್ತಿತ್ತು, ಹುಬ್ಬು ಮೇಲೇರುತ್ತಿತ್ತು. "ಇದು ಎಕ್ರೇನೇ ತಾನೆ?" ಒಮ್ಮೆ 'ಔಷಧಿ' ಎಂಬುದನ್ನೇ ಹಿಡಿದುಕೊಂಡರು. "ಔಸ್ದಿ ಅಂದ್ರೆ ಜನ ಒಸಿ ಜಾಸ್ತೀನೇ ಆಕ್ತಾರೆ ಕಣವ್ವ, ಬ್ಯಾಗ ವಾಸಿಯಾಗ್ಲಿ ಅಂತ. ಇಸ ಅಂತ ಬರೀರಿ, ಕೈ ಇಡ್ದು ಆಕ್ತಾರೆ." ಅಂದಿನಿಂದ ನಮ್ಮ ಕರಪತ್ರಗಳಲ್ಲಿ ಕಳೆ ಔಷಧಿ ಹೋಗಿ ಕಳೆವಿಷ ಬಂತು. ಕಳೆವಿಷ ಹೊಡೆಯುವ ಪಂಪು ಬೆಳೆಗೆ ಹೊಡೆಯುವುದರ ಜೊತೆ ಬೆರೆಯದಂತೆ ಅದಕ್ಕೆ ಕೆಂಪು ಪಟ್ಟಿ ಬಳಿದು ಬೇರೆಯೇ ಇಡಿ ಎಂದು ಹೇಳಿಕೊಟ್ಟವರೂ ಅವರೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಚೇರಿಗೆ ಕಂಪ್ಯೂಟರ್ ಬಂತು, ಅಕ್ಷರಗಳು ಅಂದವಾದವು. ಅಂದವಾದ ಅಕ್ಷರದಲ್ಲೂ ತಪ್ಪು ಇರುತ್ತದೆ, ಬೆರಳಿಟ್ಟು ಓದುವವರು ಬೇಕೇ ಬೇಕು.

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಹಾರ, ಶಾಲು, ಭಾಷಣ ಎಲ್ಲ ನಡೆಯಿತು. ಎಲ್ಲ ಮುಗಿದ ಮೇಲೆ ಬಾಗಿಲ ಹತ್ತಿರ ಚಿಕ್ಕತಾಯಮ್ಮ ನಿಂತಿದ್ದರು. ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ರವಿಕೆಯೊಳಗಿಂದ ಹಳದಿಯಾದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು.

"ಆವತ್ತು ಕೇಳಿದ್ರಲ್ಲ. ಈಗ ತಕ್ಕಳಿ."

ಅದೇ ಕರಪತ್ರ. ಮಡಿಕೆಗಳಲ್ಲಿ ಹರಿದು ಗೋಂದು ಕಂಡಿತ್ತು. ಭತ್ತದ ಸಾಲಿನಲ್ಲಿ ಎಕರೆ ಎಂಬುದಕ್ಕೆ ಅಡ್ಡಗೆರೆ ಎಳೆದು, ಮೇಲೆ ನೀಲಿ ಪೆನ್ನಿನಲ್ಲಿ ಸೊಟ್ಟ ಸೊಟ್ಟ ಅಕ್ಷರಗಳಲ್ಲಿ ಒಂದು ಪದ ಬರೆದಿತ್ತು.

"ನೀವು ಗದ್ದೆಗ್ ಬಂದಿದ್ ದಿನ್ವೇ ಬರ್ದೆ. ನನ್ನೆಸ್ರು ಬುಟ್ಟು ನಾ ಬರ್ದಿದ್ ಮೊದ್ಲನೇ ಪದ ಅದು. ಸರ್ಯಾಗದಾ ನೋಡಿ."

ಓದಿದೆ. 'ಎಕ್ಟೇರಿಗೆ' ಎಂದಿತ್ತು. ಬದುಕಿನುದ್ದಕ್ಕೂ ಚೀಟಿಗಳಲ್ಲಿ ತಪ್ಪು ಹುಡುಕಿದವಳು ನಾನು, ಕೈಚೀಲದಲ್ಲಿ ಪೆನ್ನೂ ಇತ್ತು.

"ಸರಿಯಾಗಿದೆ ಕಣಮ್ಮ" ಎಂದೆ. ಆ ಹಕಾರವನ್ನು ನಾನು ತಿದ್ದಲಿಲ್ಲ.